ಮನೆಯೊಳಗಣ ಚಿತ್ರಮಂದಿರ: ಸರೌಂಡ್ ಸ್ಪೀಕರುಗಳ ಆಯ್ಕೆ ಮತ್ತು ನೆಲೆ

೧. ವಿಷಯಪ್ರವೇಶ

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಧ್ವನಿವರ್ಧಕಗಳನ್ನು ಕುರಿತ ಲೇಖನವನ್ನು ಕಂಡು ವಾಚಕರು ಆಶ್ಚರ್ಯಪಡಬಹುದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಳೆಯ ಮನೆಗಳ ರಚನೆಯನ್ನು ಗಮನಿಸುತ್ತ ಹೋದ ನಮಗೆ ಈ ವಿಷಯವು ತಾನಾಗಿಯೇ ಎದುರಾಯಿತು. ಮನೆಯ ಇತಿಹಾಸವನ್ನು ಬರೆಯ ಹೊರಟವರು ಅದರ ಕಂಬ, ಬೋದಿಗೆ, ಬಾಗಿಲುವಾಡಗಳನ್ನು ಅಳೆಯುವುದು ವಾಡಿಕೆ. ಆ ಮನೆಯೊಳಗೆ ಜನರು ಏನನ್ನು ಕೇಳುತ್ತಿದ್ದರು, ಹೇಗೆ ಕುಳಿತು ಕೇಳುತ್ತಿದ್ದರು ಎಂಬುದನ್ನು ವಿಚಾರಿಸುವವರು ವಿರಳ.

ಹುಣಸೂರು ತಾಲ್ಲೂಕಿನ ಒಂದು ಗ್ರಾಮದಲ್ಲಿ ನಾವು ಕಂಡ ತೊಟ್ಟಿಮನೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮನೆಯ ಯಜಮಾನರು ಹೊಗೆಸೊಪ್ಪಿನ ಹರಾಜಿನಲ್ಲಿ ಬಂದ ಹಣದಿಂದ ಐದು ಸ್ಪೀಕರುಗಳೂ ಒಂದು ಸಬ್‌ವೂಫರೂ ಇರುವ ಹೋಂ ಥಿಯೇಟರ್ ಒಂದನ್ನು ಕೊಂಡು ತಂದಿದ್ದರು. ತಂತಿಗಳು ಸಾಲದುದರಿಂದ ಐದು ಪೆಟ್ಟಿಗೆಗಳೂ ಟಿ.ವಿ.ಯ ಷೋಕೇಸಿನ ಮೇಲೆಯೇ ಸಾಲಾಗಿ ಕುಳಿತಿದ್ದವು. ಎಂಬತ್ತು ದಾಟಿದ ಅವರ ತಾಯಿ ನಮ್ಮನ್ನು ಕರೆದು, "ಬರೀ ಗದ್ಲ ಕಣಪ್ಪ, ಮಾತೇ ಕೇಳ್ಸಕಿಲ್ಲ" ಎಂದರು. ಮಕ್ಕಳ ಅಭಿಪ್ರಾಯ ಬೇರೆ. ತೊಟ್ಟಿಯ ಮೇಲೆ ತಗಡು ಹೊದಿಸಿ, ಪಡಸಾಲೆಯ ಎರಡು ಕಂಬಗಳನ್ನು ತೆಗೆಸಿದರೆ ಸದ್ದು "ಥಿಯೇಟರಿನಂತೆ" ಬರುವುದೆಂದು ಅವರಿಗೆ ಯಾರೋ ಹೇಳಿದ್ದರು. ಕೊಂಡ ಸಾಮಾನಿನ ಬೆಲೆಗಿಂತ ಹೆಚ್ಚಿನ ಹಣವೂ, ಮೂರು ತಲೆಮಾರುಗಳ ಮನೆಯೂ ಒಂದು ತಪ್ಪು ತಿಳಿವಳಿಕೆಗೆ ಬಲಿಯಾಗುವ ಸಂದರ್ಭ ಅದಾಗಿತ್ತು.

ಇಂತಹ ಮನೆಗಳಿಂದ ನಮ್ಮ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳು ಅನೇಕರಿದ್ದಾರೆ. ಆದುದರಿಂದ ಸರೌಂಡ್ ಸ್ಪೀಕರುಗಳು ಎಲ್ಲಿಂದ ಬಂದವು, ಅವು ಕಿವಿಯ ಮೇಲೆ ಹೇಗೆ ಕೆಲಸ ಮಾಡುತ್ತವೆ, ಅವುಗಳನ್ನು ಆರಿಸುವ ಮತ್ತು ಇರಿಸುವ ಕ್ರಮ ಯಾವುದು ಎಂಬುದನ್ನು ಪ್ರಕೃತ ಲೇಖನದಲ್ಲಿ ಸಂಗ್ರಹವಾಗಿ ವಿವರಿಸಲು ಯತ್ನಿಸಿದ್ದೇವೆ. ಸುತ್ತುವರಿಯುವ ಧ್ವನಿಯ ಗುಣವು ಪೆಟ್ಟಿಗೆಯ ಬೆಲೆಗಿಂತ ಹೆಚ್ಚಾಗಿ ಕುಳಿತವನ ಕಿವಿಗೂ, ಪೆಟ್ಟಿಗೆಗೂ, ಗೋಡೆಗೂ ನಡುವಣ ಅಳತೆಯನ್ನು ಅವಲಂಬಿಸಿದೆ ಎಂಬುದೇ ನಮ್ಮ ಪ್ರತಿಪಾದನೆ.

೨. ಪರದೆಯ ಹಿಂದಿನಿಂದ ಸುತ್ತಲಿಗೆ

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ತೆರೆಕಂಡದ್ದು ೧೯೩೪ರಲ್ಲಿ. ಅದರ ಮರುವರ್ಷ, ೧೯೩೫ರಲ್ಲಿ, ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಆ ಕೇಂದ್ರದ್ದು. ಮುಂದೆ ಅದು ಇಡೀ ದೇಶದ ಬಾನುಲಿಯ ಹೆಸರಾಯಿತು. ಕಿವಿಯ ವ್ಯಾಪಾರವನ್ನು ಶಾಸ್ತ್ರವಾಗಿ ಬಲ್ಲವರೊಬ್ಬರ ಮನೆಯಿಂದ ನಮ್ಮ ಸೀಮೆಯ ಪ್ರಸಾರಕಾರ್ಯವು ಮೊದಲಾದುದು ಸ್ಮರಣೀಯ. ಆ ಕಾಲದಲ್ಲಿ ಮನೆಯ ರೇಡಿಯೋವಾಗಲಿ, ಊರಾಚೆ ಡೇರೆ ಹಾಕಿದ ಟೂರಿಂಗ್ ಟಾಕೀಸಿನ ಪರದೆಯಾಗಲಿ ಧ್ವನಿಯನ್ನು ಒಂದೇ ಕಡೆಯಿಂದ ಕೊಡುತ್ತಿದ್ದವು. ಕೇಳುವವರು ಅದರ ಎದುರಿಗೆ ಕುಳಿತರೆ ಸಾಕಾಗಿತ್ತು.

ಧ್ವನಿಗೆ ದಿಕ್ಕನ್ನು ಕೊಡುವ ಪ್ರಯತ್ನವು ಅಷ್ಟರಲ್ಲಿಯೇ ಬೇರೆಡೆ ಆರಂಭವಾಗಿತ್ತು. ಇಂಗ್ಲೆಂಡಿನ ಅಲನ್ ಬ್ಲಮ್ಲೈನ್ ಎಂಬ ಎಂಜಿನಿಯರು ಎರಡು ವಾಹಿನಿಗಳ ಧ್ವನಿಗ್ರಹಣಕ್ಕೆ ೧೯೩೧ರ ಡಿಸೆಂಬರಿನಲ್ಲಿ ಸ್ವಾಮ್ಯಪತ್ರದ ಅರ್ಜಿಯನ್ನು ಸಲ್ಲಿಸಿದನು. ೧೯೪೦ರಲ್ಲಿ ವಾಲ್ಟ್ ಡಿಸ್ನಿಯ 'ಫ್ಯಾಂಟೇಸಿಯಾ' ಚಿತ್ರಕ್ಕಾಗಿ ಪರದೆಯ ಹಿಂದೆ ಮಾತ್ರವಲ್ಲದೆ ಸಭಾಂಗಣದಲ್ಲಿಯೂ ಧ್ವನಿವರ್ಧಕಗಳನ್ನಿಟ್ಟು ಪ್ರಯೋಗ ಮಾಡಲಾಯಿತು. ೧೯೫೩ರಲ್ಲಿ 'ದಿ ರೋಬ್' ಎಂಬ ಸಿನಿಮಾಸ್ಕೋಪ್ ಚಿತ್ರವು ನಾಲ್ಕು ಧ್ವನಿಪಥಗಳೊಡನೆ ಬಂದಿತು. ಮೂರು ಪರದೆಯ ಹಿಂದಕ್ಕೆ, ಒಂದು ಪ್ರೇಕ್ಷಕರ ಸುತ್ತಲಿಗೆ. ಸುತ್ತಲಿನ ಧ್ವನಿಯನ್ನು ಎಡಬಲಗಳೆಂದು ಬೇರ್ಪಡಿಸಿದ ಪ್ರಸಿದ್ಧ ಚಿತ್ರ ೧೯೭೯ರ 'ಅಪೊಕ್ಯಾಲಿಪ್ಸ್ ನೌ'. ೧೯೮೨ರಲ್ಲಿ ಡಾಲ್ಬಿ ಸರೌಂಡ್ ಎಂಬ ಪದ್ಧತಿಯು ಮನೆಗಳಿಗೆ ಬಂತು. ೧೯೯೦ರ ದಶಕದ ಆರಂಭದಲ್ಲಿ ಚಿತ್ರಮಂದಿರಗಳಲ್ಲಿ ಅಂಕೀಯ ಧ್ವನಿಯು ಕಾಣಿಸಿಕೊಂಡಿತು. ೨೦೧೨ರಲ್ಲಿ ತಲೆಯ ಮೇಲಿನಿಂದಲೂ ಧ್ವನಿ ಬೀಳಿಸುವ ಡಾಲ್ಬಿ ಅಟ್ಮಾಸ್ ಬಂದಿತು.

ಈ ಚರಿತ್ರೆಯಲ್ಲಿ ಗಮನಿಸತಕ್ಕ ಅಂಶವೊಂದಿದೆ. ಸರೌಂಡ್ ಧ್ವನಿಯು ಹುಟ್ಟಿದ್ದು ನೂರಾರು ಜನ ಕೂರುವ ವಿಶಾಲ ಸಭಾಂಗಣಕ್ಕಾಗಿ. ಅಲ್ಲಿ ಗೋಡೆಯುದ್ದಕ್ಕೂ ಹತ್ತಾರು ಪೆಟ್ಟಿಗೆಗಳಿರುತ್ತವೆ. ಯಾವುದೊಂದೂ ಯಾರ ಕಿವಿಗೂ ಅತಿ ಹತ್ತಿರವಿರುವುದಿಲ್ಲ. ಮನೆಯಲ್ಲಿಯಾದರೋ ಎರಡೇ ಪೆಟ್ಟಿಗೆಗಳು ಆ ಕೆಲಸವನ್ನೆಲ್ಲ ಮಾಡಬೇಕು. ಅದೂ ನಾಲ್ಕಾರು ಅಡಿಗಳ ಅಂತರದಲ್ಲಿ. ಮನೆಯಲ್ಲಿ ಅಳತೆಗೆ ಇಷ್ಟು ಮಹತ್ವ ಬಂದಿರುವುದು ಇದರಿಂದಲೇ.

೩. ಕಿವಿಯು ದಿಕ್ಕನ್ನು ತಿಳಿಯುವ ಬಗೆ

ಎಡಗಡೆಯಿಂದ ಬಂದ ಸದ್ದು ಎಡಗಿವಿಯನ್ನು ಮೊದಲು ತಲುಪುತ್ತದೆ. ಬಲಗಿವಿಯನ್ನು ತಲುಪುವಾಗ ತಲೆಯ ಮರೆಯಿಂದಾಗಿ ಕೊಂಚ ಕ್ಷೀಣಿಸಿಯೂ ಇರುತ್ತದೆ. ಕಾಲದ ಈ ಅಂತರವು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಆದರೂ ಮೆದುಳು ಇದರಿಂದಲೇ ದಿಕ್ಕನ್ನು ನಿರ್ಣಯಿಸುತ್ತದೆ ಎಂಬುದನ್ನು ಲಾರ್ಡ್ ರೇಲಿಯು ೧೯೦೭ರಲ್ಲಿ ವಿಶದಪಡಿಸಿದನು. ಹೆಗ್ಗಡದೇವನಕೋಟೆಯ ಕಾಡಂಚಿನ ಹೊಲಗಳಲ್ಲಿ ರಾತ್ರಿ ಅಟ್ಟಣೆಯ ಮೇಲೆ ಕುಳಿತು ಬೆಳೆ ಕಾಯುವವರಿಗೆ ಈ ವಿಷಯ ಅನುಭವದಿಂದಲೇ ಗೊತ್ತು. ಒಣಕಡ್ಡಿ ಮುರಿದ ಸದ್ದು ಯಾವ ಕಡೆಯದೆಂದು ಥಟ್ಟನೆ ತಿಳಿಯುತ್ತದೆ. ದೂರದ ಗುಡುಗಿನ ಮೊಳಗು ಎಲ್ಲಿಂದ ಬಂತೆಂದು ಹೇಳುವುದು ಕಷ್ಟ. ತೀಕ್ಷ್ಣವಾದ ಸದ್ದಿನ ತರಂಗಗಳು ಚಿಕ್ಕವು, ತಲೆಯು ಅವುಗಳಿಗೆ ಮರೆಯಾಗುತ್ತದೆ. ಮಂದ್ರ ಸದ್ದಿನ ತರಂಗಗಳು ದೊಡ್ಡವು. ಸೆಕೆಂಡಿಗೆ ೮೦ ಕಂಪನಗಳುಳ್ಳ ಧ್ವನಿಯ ಒಂದು ತರಂಗದ ಉದ್ದ ಸುಮಾರು ೧೪ ಅಡಿ. ನಮ್ಮ ತಲೆಯು ಅದಕ್ಕೆ ಯಾವ ಲೆಕ್ಕ? ಆದಕಾರಣ ಸಬ್‌ವೂಫರಿನ ದಿಕ್ಕು ಕಿವಿಗೆ ಅಷ್ಟಾಗಿ ತಿಳಿಯದು. ಸರೌಂಡ್ ಸ್ಪೀಕರಿನ ದಿಕ್ಕು ಖಂಡಿತವಾಗಿ ತಿಳಿಯುತ್ತದೆ.

ಎರಡನೆಯ ನಿಯಮವನ್ನು ಜರ್ಮನಿಯ ಹೆಲ್ಮುಟ್ ಹಾಸ್ ೧೯೪೯ರ ತನ್ನ ಪ್ರಬಂಧದಲ್ಲಿ ನಿರೂಪಿಸಿದನು. ಒಂದೇ ಧ್ವನಿಯು ಎರಡು ಕಡೆಗಳಿಂದ ಅತ್ಯಲ್ಪ ಅಂತರದಲ್ಲಿ ಬಂದರೆ, ಕಿವಿಯು ಅದನ್ನು ಎರಡೆಂದು ಎಣಿಸದೆ, ಮೊದಲು ಬಂದ ಕಡೆಗೇ ಆರೋಪಿಸುತ್ತದೆ. ಶಬ್ದವು ಗಾಳಿಯಲ್ಲಿ ಒಂದು ಅಡಿ ಸಾಗಲು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ತುಸು ಕಡಿಮೆ ಕಾಲ ಹಿಡಿಯುತ್ತದೆ. ಮುಂದಿನ ಪೆಟ್ಟಿಗೆ ೧೦ ಅಡಿ ದೂರದಲ್ಲಿಯೂ ಹಿಂದಿನದು ೪ ಅಡಿಯಲ್ಲಿಯೂ ಇದ್ದರೆ, ಎರಡರಲ್ಲಿಯೂ ನುಡಿಯುವ ಸದ್ದು ಹಿಂದಿನಿಂದಲೇ ಬಂದಂತೆ ತೋರಿ, ಮನಸ್ಸು ಚಿತ್ರವನ್ನು ಬಿಟ್ಟು ಪೆಟ್ಟಿಗೆಯತ್ತ ತಿರುಗುತ್ತದೆ.

ಸುತ್ತುವರಿಯುವ ಧ್ವನಿಯು ಹೇಗಿರಬೇಕೆಂಬುದನ್ನು ತಿಳಿಯಲು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಹೋಗಬಹುದು. ೧೯೬೧ರಿಂದ ಟಿಬೆಟನ್ನರು ನೆಲೆಸಿರುವ ಅಲ್ಲಿಯ ವಿಹಾರಗಳಲ್ಲಿ ಭಿಕ್ಷುಗಳು ಎದುರುಬದುರಾದ ಸಾಲುಗಳಲ್ಲಿ ಕುಳಿತು ಮಂತ್ರಪಠನ ಮಾಡುತ್ತಾರೆ. ಸಾಲುಗಳ ನಡುವೆ ನಿಂತವನಿಗೆ ಧ್ವನಿಯು ಎರಡು ಪಕ್ಕಗಳಿಂದ ಬಂದು ಆವರಿಸುತ್ತದೆ. ಇಂಥ ಭಿಕ್ಷುವಿನ ಕಂಠವೆಂದು ಬೆರಳಿಟ್ಟು ತೋರಿಸಲಾಗದು. ಸರೌಂಡ್ ಸ್ಪೀಕರಿನಿಂದ ನಾವು ಬಯಸುವುದೂ ಇದನ್ನೇ. ಚಿತ್ರದ ಮಳೆ ಸುತ್ತಲೂ ಸುರಿಯಬೇಕು. ಮಳೆಯ ಸದ್ದು ಮೂಲೆಯ ಪೆಟ್ಟಿಗೆಯೊಂದರಿಂದ ಸುರಿಯಬಾರದು.

೪. ನೆಲೆಯ ನಿರ್ಣಯ

ಮೊದಲು ನಿಶ್ಚಯಿಸಬೇಕಾದುದು ಕುಳಿತುಕೊಳ್ಳುವ ಸ್ಥಳವನ್ನು. ನಮ್ಮ ಮನೆಗಳಲ್ಲಿ ಸೋಫಾವನ್ನು ಹಿಂದಿನ ಗೋಡೆಗೆ ಆನಿಸುವುದು ರೂಢಿ. ಹಾಗೆ ಕುಳಿತವರಿಗೆ ಹಿಂದಿನಿಂದ ಧ್ವನಿ ಬರಲು ಎಡೆಯೇ ಉಳಿಯುವುದಿಲ್ಲ. ಗೋಡೆಯ ಬಳಿ ಮಂದ್ರಸ್ವರಗಳು ಮಿತಿಮೀರಿ ಗುಂಯ್‌ಗುಡುವುದೂ ಉಂಟು. ಸಾಧ್ಯವಾದಷ್ಟು ಸೋಫಾವನ್ನು ಮೂರು ನಾಲ್ಕು ಅಡಿ ಮುಂದಕ್ಕೆ ತರುವುದು ಲೇಸು.

ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ೧೯೯೨ರಲ್ಲಿ ಮಾಡಿದ ಶಿಫಾರಸಿನಂತೆ, ಕುಳಿತವನ ನೇರ ಎದುರನ್ನು ಸೊನ್ನೆಯೆಂದು ಎಣಿಸಿದರೆ, ಮುಂದಿನ ಎಡಬಲ ಸ್ಪೀಕರುಗಳು ೩೦ ಡಿಗ್ರಿಗಳಲ್ಲಿಯೂ ಸರೌಂಡ್ ಸ್ಪೀಕರುಗಳು ೧೦೦ರಿಂದ ೧೨೦ ಡಿಗ್ರಿಗಳ ನಡುವೆಯೂ ಇರಬೇಕು. ಅಂದರೆ ಸರೌಂಡ್ ಸ್ಪೀಕರಿನ ಸ್ಥಾನವು ಬೆನ್ನ ಹಿಂದೆ ಅಲ್ಲ. ಕಿವಿಯ ಪಕ್ಕಕ್ಕೆ, ತುಸುವೇ ಹಿಂದಕ್ಕೆ. ಕೋನಮಾಪಕವಿಲ್ಲದೆಯೇ ಇದನ್ನು ಸಾಧಿಸುವ ಸುಲಭೋಪಾಯವೊಂದಿದೆ: ಕುಳಿತ ಸ್ಥಳದಿಂದ ಪಕ್ಕಕ್ಕೆ ಹೋದ ಪ್ರತಿ ೩ ಅಡಿಗೆ ೧ ಅಡಿ ಹಿಂದಕ್ಕೆ ಸರಿಯಬೇಕು. ಇದರಿಂದ ಸುಮಾರು ೧೦೮ ಡಿಗ್ರಿಗಳ ಕೋನವು ಒದಗುತ್ತದೆ. ಒಂದು ಟೇಪು, ಒಂದು ಸೀಮೆಸುಣ್ಣದ ತುಂಡು ಇದ್ದರೆ ಸಾಕು.

ಉದಾಹರಣೆಗೆ ೧೨ ಅಡಿ ಅಗಲ, ೧೬ ಅಡಿ ಉದ್ದದ ಕೋಣೆಯನ್ನು ತೆಗೆದುಕೊಳ್ಳೋಣ. ಟಿ.ವಿ.ಯು ೧೨ ಅಡಿಯ ಗೋಡೆಯ ಮೇಲಿರಲಿ. ಆಸನವು ಆ ಗೋಡೆಯಿಂದ ೧೦ ಅಡಿಯಲ್ಲಿರಲಿ. ಮುಂದಿನ ಎರಡು ಪೆಟ್ಟಿಗೆಗಳನ್ನು ಗೋಡೆಯಿಂದ ೧ ಅಡಿ ಈಚೆಗೆ, ಪರಸ್ಪರ ೧೦ ಅಡಿ ಅಂತರದಲ್ಲಿ ಇರಿಸಬಹುದು. ಪಕ್ಕದ ಗೋಡೆಗಳು ಆಸನದ ಮಧ್ಯದಿಂದ ೬ ಅಡಿ. ಆದ್ದರಿಂದ ಸರೌಂಡ್ ಸ್ಪೀಕರುಗಳು ಅದೇ ಗೋಡೆಗಳ ಮೇಲೆ, ಆಸನಕ್ಕಿಂತ ೨ ಅಡಿ ಹಿಂದೆ ಬರುತ್ತವೆ. ಮುಂದಿನ ಪೆಟ್ಟಿಗೆಗೆ ಆಗ ಸುಮಾರು ೧೦ ಅಡಿ ೪ ಅಂಗುಲ, ಸರೌಂಡ್ ಪೆಟ್ಟಿಗೆಗೆ ೬ ಅಡಿ ೪ ಅಂಗುಲ ದೂರ. ಈ ದೂರಗಳನ್ನು ಅಳೆದು ಆಂಪ್ಲಿಫೈಯರಿಗೆ ತಿಳಿಸಿದರೆ ಅದು ಹತ್ತಿರದ ಪೆಟ್ಟಿಗೆಯನ್ನು ಅಷ್ಟೇ ತಡಮಾಡಿ ನುಡಿಸಿ, ಹಾಸನು ಹೇಳಿದ ದೋಷವನ್ನು ನಿವಾರಿಸುತ್ತದೆ. ಕೊಂಡ ದಿನದ ಹೊಂದಿಕೆಯಲ್ಲಿಯೇ ಬಿಡುವವರಿಗೆ ಈ ಲಾಭ ದೊರೆಯದು.

ಎತ್ತರದ ವಿಷಯದಲ್ಲಿ ನಮ್ಮ ರೂಢಿಯನ್ನೂ ಗಣಿಸಬೇಕು. ಹಿರಿಯರು ಕುರ್ಚಿಯಲ್ಲಿ, ಮಕ್ಕಳು ಚಾಪೆಯ ಮೇಲೆ ಕುಳಿತು ಒಟ್ಟಿಗೆ ಚಿತ್ರ ನೋಡುವ ಮನೆಗಳಲ್ಲಿ ಕಿವಿಗಳ ಎತ್ತರ ಒಂದೇ ಸಮವಿರದು. ಕುರ್ಚಿಯಲ್ಲಿ ಕುಳಿತವರ ಕಿವಿಗಿಂತ ಸುಮಾರು ೨ ಅಡಿ ಮೇಲೆ, ನೆಲದಿಂದ ಐದೂವರೆ ಅಡಿಯಲ್ಲಿ ಸರೌಂಡ್ ಸ್ಪೀಕರನ್ನು ಬಿಗಿದರೆ ಅಂಚಿನಲ್ಲಿ ಕುಳಿತವರ ಕಿವಿಗೂ ಅದು ನೇರವಾಗಿ ತಾಗದೆ ಎಲ್ಲರಿಗೂ ಹಂಚಿಹೋಗುತ್ತದೆ. ಸೋಫಾವನ್ನು ಗೋಡೆಯಿಂದ ಸರಿಸಲು ಆಗದ ಮನೆಗಳಲ್ಲಿ ಅವನ್ನು ಪಕ್ಕದ ಗೋಡೆಗಳ ಮೇಲೆ ಕಿವಿಯ ನೇರಕ್ಕೆ, ಇನ್ನೂ ತುಸು ಎತ್ತರಿಸಿ ಇರಿಸಬೇಕು. ತಲೆಯ ಹಿಂದಿನ ಗೋಡೆಗೆ ಮೊಳೆ ಹೊಡೆಯಬಾರದು.

೫. ಆಯ್ಕೆ

ಅಂಗಡಿಯಲ್ಲಿ ಕೊಳ್ಳುವವರನ್ನು ಮರುಳುಮಾಡುವುದು ವ್ಯಾಟುಗಳ ಸಂಖ್ಯೆ. ವಸ್ತುತಃ ವ್ಯಾಟುಗಳನ್ನು ಇಮ್ಮಡಿಸಿದರೂ ಧ್ವನಿಯ ಮಟ್ಟವು ೩ ಡೆಸಿಬೆಲ್ ಮಾತ್ರ ಏರುತ್ತದೆ. ಇದು ಕಿವಿಗೆ ತಿಳಿಯುವಂತಹುದಾದರೂ ಅಲ್ಪವಾದ ಭೇದ. ಆರೇಳು ಅಡಿ ದೂರದ ಸರೌಂಡ್ ಸ್ಪೀಕರಿಗೆ ಮಹಾಶಕ್ತಿಯ ಅವಶ್ಯಕತೆಯಿಲ್ಲ. ಅದರ ಕಂಠವು ಮುಂದಿನ ಪೆಟ್ಟಿಗೆಗಳ ಕಂಠವನ್ನು ಹೋಲಬೇಕಾದುದೇ ಹೆಚ್ಚು ಮುಖ್ಯ. ಪರದೆಯ ಎಡದಿಂದ ಹೊರಟ ಮೋಟಾರು ಪಕ್ಕದಲ್ಲಿ ಹಾದುಹೋಗುವಾಗ ಅದರ ದನಿ ಬದಲಾದರೆ ಭ್ರಮೆ ಒಡೆಯುತ್ತದೆ. ಆದುದರಿಂದ ಒಂದೇ ತಯಾರಕರ ಒಂದೇ ಶ್ರೇಣಿಯ ಪೆಟ್ಟಿಗೆಗಳನ್ನು ಕೊಳ್ಳುವುದು ಯುಕ್ತ. ಏಳು ಅಗ್ಗದ ಪೆಟ್ಟಿಗೆಗಳಿಗಿಂತ ಐದು ಒಳ್ಳೆಯವು ಮೇಲು. ಹಣ ಸಾಲದಿದ್ದಲ್ಲಿ ಮುಂದಿನ ಮೂರನ್ನು ಮೊದಲು ಕೊಂಡು, ಸರೌಂಡನ್ನು ಮುಂದಿನ ವರ್ಷಕ್ಕೆ ಬಿಡುವುದರಿಂದ ಹಾನಿಯಿಲ್ಲ.

ಸರೌಂಡ್ ಸ್ಪೀಕರುಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಒಂದೇ ಮುಖದಿಂದ ನೇರವಾಗಿ ಧ್ವನಿ ಬೀರುವುದು ಮೊದಲನೆಯದು. ಮುಂದಕ್ಕೂ ಹಿಂದಕ್ಕೂ ಬೀರಿ, ಗೋಡೆಗಳಿಂದ ಮರಳಿದ ಧ್ವನಿಯಿಂದ ಆವರಣವನ್ನು ಕಟ್ಟುವುದು ಎರಡನೆಯದು. ನಾಲ್ಕು ಗೋಡೆಗಳೂ ಪೂರ್ಣವಾಗಿರುವ ಕೋಣೆಯಲ್ಲಿ ಎರಡನೆಯದು ಸೊಗಸಾಗಿ ನಡೆಯುತ್ತದೆ. ಒಂದು ಪಕ್ಕ ಊಟದ ಮನೆಗೋ ತೊಟ್ಟಿಗೋ ತೆರೆದಿದ್ದಲ್ಲಿ ಮರಳಿಸುವ ಗೋಡೆಯೇ ಇಲ್ಲದೆ ಅದು ವ್ಯರ್ಥವಾಗುತ್ತದೆ. ಅಂತಹ ಕಡೆ ಮೊದಲನೆಯ ಬಗೆಯನ್ನು ಸ್ಟ್ಯಾಂಡಿನ ಮೇಲೆ ಇರಿಸುವುದೇ ಸರಿ. ತಂತಿ ಜೋಡಿಸುವಾಗ ಕೆಂಪು ಕರಿಯ ಗುರುತುಗಳನ್ನು ಎರಡು ತುದಿಗಳಲ್ಲಿಯೂ ಹೊಂದಿಸಬೇಕು. ಒಂದು ಪೆಟ್ಟಿಗೆಯಲ್ಲಿ ಅದಲುಬದಲಾದರೆ ಎರಡರ ಮಂದ್ರಸ್ವರಗಳು ಒಂದನ್ನೊಂದು ಕಳೆದು, ಧ್ವನಿ ಸೊರಗುತ್ತದೆ.

ಸಬ್‌ವೂಫರಿನ ಸ್ಥಾನವನ್ನು ಕಿವಿಯ ಪರೀಕ್ಷೆಯಿಂದಲೇ ತಿಳಿಯಬೇಕು. ಅದನ್ನು ತಾತ್ಕಾಲಿಕವಾಗಿ ಆಸನದ ಮೇಲಿಟ್ಟು ನುಡಿಸುತ್ತ, ನಾವು ಗೋಡೆಯ ಗುಂಟ ಬಗ್ಗಿ ನಡೆದು ಆಲಿಸಬೇಕು. ಎಲ್ಲಿ ಮಂದ್ರವು ಸಮನಾಗಿ, ಸ್ಪಷ್ಟವಾಗಿ ಕೇಳುವುದೋ ಅಲ್ಲಿ ಅದನ್ನು ಸ್ಥಾಪಿಸಬೇಕು.

೬. ಗೋಡೆ, ನೆಲ, ತೊಟ್ಟಿ

ಸ್ಥಳದಿಂದ ಸ್ಥಳಕ್ಕೆ ಶಬ್ದ ಮಾರ್ಪಡುವುದೆಂಬುದು ನಮ್ಮ ಜನರಿಗೆ ಹೊಸ ಸಂಗತಿಯಲ್ಲ. ಕೃಷ್ಣರಾಜನಗರದ ಬಳಿಯ ಚುಂಚನಕಟ್ಟೆಯಲ್ಲಿ ಕಾವೇರಿಯು ಭೋರ್ಗರೆದು ಧುಮುಕುತ್ತಿದ್ದರೂ ದಡದ ಕೋದಂಡರಾಮ ದೇವಾಲಯದ ಗರ್ಭಗುಡಿಯಲ್ಲಿ ಆ ಸದ್ದು ಕೇಳಿಸದೆಂಬ ಪ್ರತೀತಿ ಇದೆ. ಇಂತಹ ವಿಷಯಗಳನ್ನು ಲೆಕ್ಕಕ್ಕೆ ತಂದವನು ಅಮೆರಿಕದ ವಾಲೇಸ್ ಸಬೀನ್. ೧೮೯೫ರಲ್ಲಿ ಹಾರ್ವರ್ಡಿನ ಉಪನ್ಯಾಸಮಂದಿರವೊಂದರಲ್ಲಿ ಮಾತು ಅಸ್ಪಷ್ಟವಾಗಿದ್ದ ಕಾರಣವನ್ನು ಹುಡುಕುತ್ತ, ಆತನು ಆಸನದ ಮೆತ್ತೆಗಳನ್ನು ರಾತ್ರಿಯ ವೇಳೆ ಒಳಕ್ಕೆ ಹೊರಕ್ಕೆ ಸಾಗಿಸಿ ಅನುರಣನದ ಕಾಲವನ್ನು ಅಳೆದನು. ಕೋಣೆಯ ಗಾತ್ರ ಹೆಚ್ಚಿದಷ್ಟೂ ಅನುರಣನ ಹೆಚ್ಚುತ್ತದೆ, ಶಬ್ದವನ್ನು ಹೀರುವ ವಸ್ತುಗಳು ಹೆಚ್ಚಿದಷ್ಟೂ ಅದು ಕುಗ್ಗುತ್ತದೆ ಎಂಬುದು ಆತನ ಸಿದ್ಧಾಂತ. ಹೀರುವಿಕೆಗೆ ಆತನು ಇಟ್ಟುಕೊಂಡ ಮಾನವೆಂದರೆ ತೆರೆದ ಕಿಟಕಿ; ಅದರ ಮೂಲಕ ಹೋದ ಶಬ್ದ ಮರಳುವುದೇ ಇಲ್ಲ.

ನಮ್ಮ ಹೊಸ ಮನೆಗಳ ಸಿಮೆಂಟು ಗಾರೆಯ ಗೋಡೆಯು ತನ್ನ ಮೇಲೆ ಬಿದ್ದ ಶಬ್ದದ ನೂರರಲ್ಲಿ ಮೂರು ಪಾಲಿನಷ್ಟನ್ನು ಮಾತ್ರ ಹೀರುತ್ತದೆ. ಮೇಲೆ ಹೇಳಿದ ಕೋಣೆಯು ೧೦ ಅಡಿ ಎತ್ತರವಿದ್ದು ಬರಿದಾಗಿದ್ದರೆ, ಸಬೀನನ ಸೂತ್ರದಂತೆ, ಅಲ್ಲಿ ಅನುರಣನವು ಸುಮಾರು ೩ ಸೆಕೆಂಡು ನಿಲ್ಲುತ್ತದೆ. ಒಂದು ಮಾತಿನ ಬಾಲ ಮುಂದಿನ ಮಾತನ್ನು ನುಂಗುತ್ತದೆ. ಇದಕ್ಕೆ ದುಬಾರಿ ಹಲಗೆಗಳೇ ಬೇಕಾಗಿಲ್ಲ. ಜಮಖಾನ, ದಪ್ಪ ಪರದೆ, ಹತ್ತಿಯ ಹಾಸಿಗೆ, ಪುಸ್ತಕದ ಕಪಾಟು, ಇವುಗಳ ಜೊತೆಗೆ ಕುಳಿತ ಜನರೂ ಶಬ್ದವನ್ನು ಹೀರುತ್ತಾರೆ.

ತೊಟ್ಟಿಯ ಪ್ರಶ್ನೆಗೆ ಇಲ್ಲಿಯೇ ಉತ್ತರವಿದೆ. ಆಕಾಶಕ್ಕೆ ತೆರೆದ ತೊಟ್ಟಿಯು ಸಬೀನನ ತೆರೆದ ಕಿಟಕಿಯೇ ಸರಿ. ೧೦ ಚದರ ಅಡಿಯ ತೆರಪು ೩೦೦ ಚದರ ಅಡಿಗೂ ಮಿಗಿಲಾದ ಬರಿಗೋಡೆಯಷ್ಟು ಶಬ್ದವನ್ನು ಕಳೆಯುತ್ತದೆ. ತೊಟ್ಟಿಮನೆಯ ಪಡಸಾಲೆಯಲ್ಲಿ ಹತ್ತು ಜನರು ಮಾತಾಡಿದರೂ ಗದ್ದಲ ಮಡುಗಟ್ಟದಿರಲು ಇದೂ ಒಂದು ಕಾರಣ. ಅದರ ಮೇಲೆ ತಗಡು ಹೊದಿಸಿದರೆ ಆ ಕಿಟಕಿಯನ್ನು ಮುಚ್ಚಿ, ಮರಳಿಸುವ ಕನ್ನಡಿಯೊಂದನ್ನು ನಿಲ್ಲಿಸಿದಂತಾಗುತ್ತದೆ. ಮಳೆಗಾಲದಲ್ಲಿ ತಗಡಿನ ಸದ್ದು ಬೇರೆ. ಬೆಳಕು, ಗಾಳಿ, ಕಂಬಗಳ ಚೆಲುವು ಹೋದುದಲ್ಲದೆ ಧ್ವನಿಯೂ ಕೆಡುತ್ತದೆ.

೭. ಮಾತು ಮತ್ತು ಮಿತಿ

ಚಲನಚಿತ್ರದ ಮಾತು ಬಹುತೇಕ ಬರುವುದು ನಡುವಣ ಸ್ಪೀಕರಿನಿಂದ. ಅದನ್ನು ಷೋಕೇಸಿನ ಒಳಖಾನೆಯಲ್ಲಿ ಹುದುಗಿಸದೆ, ಟಿ.ವಿ.ಯ ಕೆಳಗೆ ಅಂಚಿಗೆ ತಂದು, ಕುಳಿತವರ ಮುಖದತ್ತ ಕೊಂಚ ಮೇಲಕ್ಕೆ ಓರೆಮಾಡಬೇಕು. ಸರೌಂಡ್ ಸ್ಪೀಕರುಗಳ ಮಟ್ಟವನ್ನು, ಅವು ಇರುವುದೇ ಮರೆತುಹೋಗುವಷ್ಟಕ್ಕೆ ಇಳಿಸಬೇಕು. ಅವನ್ನು ನಿಲ್ಲಿಸಿದಾಗ ಮಾತ್ರ ಏನೋ ಕಳೆದುಹೋದಂತೆ ತೋರಿದರೆ ಮಟ್ಟ ಸರಿಯಿದೆಯೆಂದು ಅರ್ಥ. ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ತಾರಸ್ವರಗಳನ್ನು. ವ್ಯಂಜನಗಳ ಸ್ಪಷ್ಟತೆ ಇರುವುದು ಅಲ್ಲಿಯೇ. ಆದ್ದರಿಂದ ಹಿರಿಯರಿಗೆ ಎಲ್ಲವನ್ನೂ ಜೋರುಮಾಡುವುದರಿಂದ ಪ್ರಯೋಜನವಿಲ್ಲ. ನಡುವಣ ಸ್ಪೀಕರೊಂದನ್ನೇ ಎರಡು ಮೂರು ಡೆಸಿಬೆಲ್ ಏರಿಸಿದರೆ ಮಾತು ತಿಳಿಯಾಗುತ್ತದೆ. ಅಷ್ಟರಿಂದಲೂ ಕೇಳಿಸದಿದ್ದಲ್ಲಿ ದೋಷವು ಪೆಟ್ಟಿಗೆಯದಾಗಿರಲಾರದು. ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮೈಸೂರಿನಲ್ಲಿಯೇ ಇದೆ. ಅಲ್ಲಿ ಕಿವಿಯ ಪರೀಕ್ಷೆ ಮಾಡಿಸಬಹುದು.

ಮಿತಿಯ ವಿಷಯವನ್ನೂ ಮರೆಯಲಾಗದು. ವಾರಕ್ಕೆ ೪೦ ಗಂಟೆಗಳ ಕಾಲ ೮೦ ಡೆಸಿಬೆಲ್ಲಿನವರೆಗೆ ಕೇಳುವುದು ವಯಸ್ಕರಿಗೆ ಸುರಕ್ಷಿತವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಮತ. ಮುಂದೆ ಪ್ರತಿ ೩ ಡೆಸಿಬೆಲ್ ಏರಿಕೆಗೂ ಆ ಅವಧಿ ಅರ್ಧಕ್ಕಿಳಿಯುತ್ತದೆ. ೨೦೦೦ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು ೫೫, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ೪೫ ಡೆಸಿಬೆಲ್ ಮೀರಬಾರದು. ಗೋಡೆಗೆ ಗೋಡೆ ಹತ್ತಿದ ನಮ್ಮ ಊರುಗಳಲ್ಲಿ ನೆರೆಮನೆಗೆ ಮೊದಲು ದಾಟುವುದು ಸಬ್‌ವೂಫರಿನ ಮಂದ್ರವೇ. ರಾತ್ರಿ ಅದನ್ನಿಳಿಸುವುದು ನೆರೆಹೊರೆಯ ಧರ್ಮ.

೮. ಉಪಸಂಹಾರ

ಹುಣಸೂರು ತಾಲ್ಲೂಕಿನ ಆ ಮನೆಯವರು ತೊಟ್ಟಿಗೆ ತಗಡು ಹೊದಿಸಲಿಲ್ಲ. ಹಿಂದೆ ರಾಗಿಯ ಮೂಟೆಗಳನ್ನಿಡುತ್ತಿದ್ದ ೧೨ ಅಡಿಗೆ ೧೬ ಅಡಿಯ ಒಳಕೋಣೆಯನ್ನು ತೆರವು ಮಾಡಿ, ಮೇಲೆ ಹೇಳಿದ ಅಳತೆಯಂತೆ ಅದೇ ಐದು ಪೆಟ್ಟಿಗೆಗಳನ್ನು ಹೊಂದಿಸಿದರು. ಹೊಸದಾಗಿ ಕೊಂಡದ್ದು ತಂತಿ ಮತ್ತು ಎರಡು ಗೋಡೆಹಿಡಿಗಳನ್ನು ಮಾತ್ರ. ನೆಲಕ್ಕೆ ಮನೆಯ ಜಮಖಾನವನ್ನೇ ಹಾಸಿದರು. ನಾವು ಮತ್ತೊಮ್ಮೆ ಹೋದಾಗ ಆ ತಾಯಿಯವರು ನಡುವಣ ಕುರ್ಚಿಯಲ್ಲಿ ಕುಳಿತು, ಚಿತ್ರದ ಮಾತಿಗೆ ತಮ್ಮ ಉತ್ತರವನ್ನೂ ಸೇರಿಸುತ್ತಿದ್ದರು.

ಮನೆಗಳು ಕಾಲಕ್ಕೆ ತಕ್ಕಂತೆ ಹೊಸ ವಸ್ತುಗಳನ್ನು ಒಳಗೊಳ್ಳುತ್ತಲೇ ಬಂದಿವೆ. ಅದನ್ನು ತಡೆಯುವುದು ಇತಿಹಾಸಾಭ್ಯಾಸಿಗಳ ಕೆಲಸವೂ ಅಲ್ಲ. ಆದರೆ ಗೋಡೆಯೊಡೆಯುವ ಮೊದಲು ಟೇಪು ಹಿಡಿಯುವಂತೆ ತಮ್ಮ ಮನೆಯವರಿಗೆ ಹೇಳಬಲ್ಲ ವಿದ್ಯಾರ್ಥಿಗಳು ಪ್ರತಿ ಊರಿನಲ್ಲಿಯೂ ಇದ್ದಾರೆ. ಅಧ್ಯಾಪಕರು ಈ ಅಳತೆಗಳನ್ನು ತರಗತಿಯ ಕೋಣೆಯಲ್ಲಿಯೇ ಅವರಿಂದ ಒಮ್ಮೆ ಮಾಡಿಸಿ ನೋಡಬೇಕೆಂದು ನಮ್ಮ ಬಿನ್ನಹ.